ತೊಂಬತ್ತೇಳನೇ ದಿನದಿಂದ ಇಬ್ಬರು

ಮನೆ, ಮೂರನೇ ಮಹಡಿ,
ಮಾರ್ಚ್ ಹದಿನಾರು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಊಟ, ನಿದ್ದೆ ಎಲ್ಲ ಸರಿಯಾಗಿದೆಯಾ? ಮೊಣಕಾಲಿನ ನೋವು ಹೇಗಿದೆ? ಚಳಿ ಬಿದ್ದ ಕೂಡಲೇ ಶುರುವಾಗುತ್ತಿದ್ದ ಆ ಒಣಕೆಮ್ಮು? ಏಳು ವರ್ಷದಿಂದ ಒಂದು ಸಾಲು ಬರೆಯದವಳಿಗೆ ಕುಶಲ ಕೇಳುತ್ತಾ ಕೂತಿದ್ದೇನಲ್ಲ, ಇವಳಿಗೆ ತಲೆ ಕೆಟ್ಟಿದೆ ಅಂತ ನೀನು ನಗಬಹುದು. ನಗು, ಪರವಾಗಿಲ್ಲ. ಕಾಗದದಲ್ಲಿ ಮೊದಲು ಕುಶಲ, ಆಮೇಲೆ ಜಗಳ ಅಂತ ಹೇಳಿಕೊಟ್ಟವಳು ನೀನೇ. ನಾವು ಇಲ್ಲಿ ಚೆನ್ನಾಗಿದ್ದೇವೆ. ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಈಗ ಬೀಗದ ಕೈಯ ಹಲ್ಲುಗಳೆಲ್ಲ ಲಕಲಕ ಅಂತ ಕಾಣಿಸುತ್ತವಂತೆ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅದನ್ನೇ ಹೇಳಿಕೊಂಡು ಮೆರೆಯುತ್ತಾರೆ. ಅಮ್ಮನ ಕೂದಲು ಪೂರ್ತಿ ಬೆಳ್ಳಗಾಗಿದೆ, ಬಣ್ಣ ಹಚ್ಚಿಕೋ ಅಂದರೆ ನನ್ನ ಮೇಲೆ ರೇಗುತ್ತಾಳೆ. ನನಗೆ ಹೋದ ತಿಂಗಳು ಇಪ್ಪತ್ತೆರಡು ತುಂಬಿತು. ನೀನು ಹೊರಟಾಗ ನಿನಗೂ ಅಷ್ಟೇ ವಯಸ್ಸಾಗಿತ್ತು. ಹಾಗಾಗಿ ಇನ್ನು ಮೇಲೆ ದೊಡ್ಡವಳು ಅಂತ ನನ್ನ ಮೇಲೆ ದರ್ಪ ತೋರಿಸುವ ಹಾಗಿಲ್ಲ.

ಈಗ ಸುದ್ದಿ. ನಾನೂ ಹೊರಟಿದ್ದೇನೆ. ಪರೀಕ್ಷೆ ಮುಗಿಯಿತು, ಪಾಸೂ ಆದೆ, ಬರುವ ಶುಕ್ರವಾರ ಬೆಳಿಗ್ಗೆ ವಿಮಾನ. ಬೆನ್ನಿಗೊಂದು ಚೀಲ, ನೂರ ಅರವತ್ತು ದಿನ, ನೀನು ಹೋದ ದಾರಿಯೇ. ಅಮ್ಮನನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು ಕಣೇ. ಎರಡು ವರ್ಷ ಈ ಮನೆಯಲ್ಲಿ ಪ್ರವಾಸ ಅನ್ನುವ ಮಾತು ಎತ್ತಿದರೆ ಪಾತ್ರೆ ಸದ್ದಾಗುತ್ತಿತ್ತು. ತಪ್ಪು ಅವಳದ್ದಲ್ಲ. ನೀನು ವಾರಕ್ಕೊಂದು ಕಾರ್ಡು ಹಾಕುತ್ತಾ ಹಾಕುತ್ತಾ ಹೋಗಿ, ತೊಂಬತ್ತೇಳನೇ ದಿನ ಆ ಬಂದರಿನ ಊರಿನಿಂದ "ನಾಳೆ ಬೆಳಿಗ್ಗೆ ಮುಂದಿನ ಊರಿಗೆ ಬಸ್ಸು ಹಿಡೀತೀನಿ" ಅಂತ ಬರೆದೆ. ಆಮೇಲೆ ಏನೂ ಇಲ್ಲ. ಪೊಲೀಸರು ಹುಡುಕಿದರು, ಅಪ್ಪ ಹೋಗಿ ಇಪ್ಪತ್ತು ದಿನ ಹುಡುಕಿ ಬಂದರು. ನಿನ್ನ ಚೀಲವೂ ಸಿಗಲಿಲ್ಲ, ಚಪ್ಪಲಿಯೂ ಸಿಗಲಿಲ್ಲ. ಇದೆಲ್ಲ ನಿನಗೆ ಗೊತ್ತೋ ಇಲ್ಲವೋ ಅಂತ ಬರೆಯುತ್ತಿದ್ದೇನೆ. ಕೊನೆಗೆ ಅಮ್ಮ ಒಂದೇ ಒಂದು ಷರತ್ತಿನ ಮೇಲೆ ಒಪ್ಪಿದಳು. ಆ ಬಂದರಿನ ಊರಿಗೆ ಮಾತ್ರ ನಾನು ಕಾಲಿಡಬಾರದು. ಅವಳ ಕೈ ಹಿಡಿದು ಆಣೆ ಮಾಡಿದೆ. ತೊಂಬತ್ತೇಳನೇ ರಾತ್ರಿಗೆ ಊರಿನ ಹೊರಗಿಂದ ಹಾದುಹೋಗುವ ದೂರದ ಬಸ್ಸು ಅಂತ ಲೆಕ್ಕದಲ್ಲಿ ಬರೆದುಕೊಂಡೆ.

ಲೆಕ್ಕ ಅಂದೆನಲ್ಲ, ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಿನ್ನ ಹಳೇ ಬಜೆಟ್ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ನನ್ನದನ್ನು ಮಾಡಿದೆ. ಅಯ್ಯೋ ದೇವರೇ, ಏನು ಬಜೆಟ್ಟೇ ಅದು! ಸೋಪಿಗೆ ಒಂದು ಪುಟ, ಕಾಲುಚೀಲಕ್ಕೆ ಒಂದು ಪುಟ, ಇನ್ಶೂರೆನ್ಸಿಗೆ ಮೂಲೆಯಲ್ಲಿ ಅರ್ಧ ಸಾಲು. "ಖುಷಿಗೆ" ಅಂತ ಒಂದು ಖಾತೆ ಬೇರೆ. ನಾನು ನಿನ್ನ ಹಾಗಲ್ಲ. ದಿನಕ್ಕೆ ಮೂವತ್ತೈದು ಡಾಲರು, ಅದರ ಮೇಲೆ ಬಿಡಿಕಾಸೂ ಇಲ್ಲ. ಹಾಸಿಗೆಗೆ ಹನ್ನೊಂದು, ಹೊಟ್ಟೆಗೆ ಹನ್ನೆರಡು, ಬಸ್ಸು ರೈಲಿಗೆ ಏಳು, ಮಿಕ್ಕ ಐದು ಕೆಟ್ಟ ದಿನಕ್ಕೆ. ಬ್ರೆಡ್ಡು, ಬೇಯಿಸಿದ ಮೊಟ್ಟೆ ಇಷ್ಟರಲ್ಲೇ ಎರಡು ಹೊತ್ತು ಕಳೆಯುವುದನ್ನು ಒಂದು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿದೆ, ಅಪ್ಪ ಜೈಲಿಗೆ ಹೊರಟಿದ್ದೀಯಾ ಅಂತ ಕೇಳಿದರು. ಒಂದೊಂದು ಊರಿನಲ್ಲಿ ಹತ್ತು, ಹನ್ನೆರಡು ದಿನ ಬೇರುಬಿಟ್ಟರೆ ಬಸ್ಸಿನ ಖರ್ಚು ಅರ್ಧಕ್ಕರ್ಧ ಉಳಿಯುತ್ತದೆ, ಅದು ನಿನ್ನ ತಲೆಗೆ ಹೊಳೆದೇ ಇರಲಿಲ್ಲ ನೋಡು. ನೂರ ಅರವತ್ತು ದಿನದ ಖರ್ಚಿಗೆ ಟಿಕೆಟ್ಟು, ವೀಸಾ, ಚುಚ್ಚುಮದ್ದು, ಬೂಟು ಎಲ್ಲ ಸೇರಿ ಏಳು ಸಾವಿರದ ಐನೂರು. ಲಾಂಡ್ರಿ ಅಂಗಡಿಯ ಕೌಂಟರಿನಲ್ಲಿ ಮೂರು ವರ್ಷ ಸಾಯಂಕಾಲಗಳನ್ನೆಲ್ಲ ಕಳೆದು ನಾನು ಕೂಡಿಟ್ಟದ್ದು ಏಳು ಸಾವಿರದ ಐನೂರ ನಲವತ್ತು. ನಲವತ್ತು ಮಿಗುತ್ತಿತ್ತು! ಆವತ್ತು ನಾನು ಅಂಗಡಿಯಲ್ಲಿ ಬೆಡ್‌ಶೀಟ್ ಮಡಿಸುತ್ತಾ ಹಾಡಿದ್ದಕ್ಕೆ ಓನರಮ್ಮ ಬೈದಳು.

ಆಮೇಲೆ ಹದಿನಾಲ್ಕು ಊರಿನ ಹದಿನಾಲ್ಕು ಲಾಡ್ಜುಗಳಿಗೆ ಮೇಲ್ ಹಾಕಿದೆ. ಎಲ್ಲರಿಗೂ ಒಂದೇ ಮೇಲು. ಒಬ್ಬಳು ಹುಡುಗಿ, ಒಂದು ಹಾಸಿಗೆ, ಇಂಥ ದಿನದಿಂದ ಇಂಥ ದಿನದವರೆಗೆ, ಎಷ್ಟಾಗುತ್ತದೆ ಅಂತ. ತಾರೀಖು ಬಿಟ್ಟರೆ ಬೇರೆ ಒಂದಕ್ಷರ ಬದಲಾಯಿಸಲಿಲ್ಲ. ಎರಡು ವಾರದಲ್ಲಿ ಎಲ್ಲ ಉತ್ತರ ಬಂತು. ಇಲ್ಲಿ ನಾನೊಂದು ಪೆದ್ದುಕೆಲಸ ಮಾಡಿದೆ. ಲಾಂಡ್ರಿಯಲ್ಲಿ ನಮಗೆ ರಸೀದಿಯ ಕೆಳಗಿನ ಮೊತ್ತ ಮಾತ್ರ ನೋಡಿ ಅಭ್ಯಾಸ. ಮೇಲೆ ಎಷ್ಟು ಶರ್ಟು, ಎಷ್ಟು ಪ್ಯಾಂಟು ಅಂತ ಓದುತ್ತಾ ಕೂತರೆ ಗಿರಾಕಿಗಳ ಸಾಲು ರಸ್ತೆಗೆ ಹೋಗುತ್ತದೆ. ಅದೇ ಚಾಳಿಯಲ್ಲಿ ಆ ಹದಿನಾಲ್ಕು ಉತ್ತರಗಳಿಂದಲೂ ಕೆಳಗಿನ ಮೊತ್ತಗಳನ್ನಷ್ಟೇ ಎತ್ತಿ ಬರೆದುಕೊಂಡೆ. ಕೂಡಿಸಿದರೆ ನನ್ನ ಹತ್ತಿರ ಇದ್ದದ್ದಕ್ಕಿಂತ ಏಳುನೂರ ಎರಡು ಜಾಸ್ತಿ. ಮತ್ತೆ ಕೂಡಿಸಿದೆ. ಮತ್ತೆ ಏಳುನೂರ ಎರಡು. ಅಷ್ಟು ದುಡ್ಡು ಎಲ್ಲಿಂದ ತರಲಿ ಅಂತ ಕೌಂಟರಿನ ಹಿಂದೆ ಕೂತು ಅತ್ತೇಬಿಟ್ಟೆ.

ಗುರುವಾರ ಗುರುವಾರ ನಮ್ಮ ಅಂಗಡಿಯ ಲೆಕ್ಕ ನೋಡುವುದಕ್ಕೆ ಒಬ್ಬರು ಮುದುಕರು ಬರುತ್ತಾರೆ. ಎಲ್ಲೇ ತಪ್ಪಾಗಲಿ "ಯಾರೋ ಒಂದು ಸೊನ್ನೆ ಜಾಸ್ತಿ ಹಾಕಿರ್ತಾರೆ ನೋಡು" ಅನ್ನುವುದು ಅವರ ಪಲ್ಲವಿ, ಅದಕ್ಕೇ ಅವರಿಗೆ ಸೊನ್ನೆ ತಾತ ಅಂತ ಹೆಸರಿಟ್ಟಿದ್ದೇವೆ. ನನ್ನ ಮುಖ ನೋಡಿ ಏನಮ್ಮಾ ಅಂದರು. ಉತ್ತರಗಳನ್ನೆಲ್ಲ ಪ್ರಿಂಟ್ ತೆಗೆದು ಮುಂದಿಟ್ಟೆ. ಅವರು ನನ್ನ ಹಾಗಲ್ಲ, ಮೇಲಿಂದ ಓದುವವರು. ಒಂದೊಂದು ಹಾಳೆಯ ಮೇಲೂ ಬೆರಳಿಟ್ಟುಕೊಂಡು ಓದುತ್ತಾ ಹೋದರು. ಒಂಬತ್ತು ಹಾಳೆ ಈ ಕಡೆ ಇಟ್ಟರು, ಐದು ಹಾಳೆ ಆ ಕಡೆ ಇಟ್ಟರು. "ಸೊನ್ನೆ ಎಲ್ಲ ಸರಿಯಾಗೇ ಇದೆ ಮಗಾ. ಇಲ್ಲಿವರೆಗೂ ನೀನು ಒಬ್ಬಳು. ಇಲ್ಲಿಂದ ಮುಂದಕ್ಕೆ ಇಬ್ಬರು. ಯಾರು ಜೊತೆಗೆ ಬರೋರು?" ಅಂತ ಕೇಳಿದರು. ಯಾರೂ ಇಲ್ಲ ತಾತ ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಲೆಕ್ಕ ಹಾಗೆ ಹೇಳ್ತಿಲ್ವಲ್ಲ" ಅಂದರು.

ಮೊದಲ ಒಂಬತ್ತು ಊರು ತೊಂಬತ್ತಾರನೇ ದಿನಕ್ಕೆ ಮುಗಿಯುತ್ತವೆ. ತೊಂಬತ್ತೆಂಟನೇ ದಿನದಿಂದ ಮುಂದಿನ ಐದೂ ಊರುಗಳಲ್ಲಿ ಎರಡೆರಡು ಹಾಸಿಗೆ ಹಾಕಿದ್ದರು. ನಾನು ಕಳಿಸಿದ ಮೇಲುಗಳನ್ನು ತೆಗೆದು ನೋಡಿದೆ, ಐದರಲ್ಲೂ ಒಂದೇ ಹಾಸಿಗೆ ಅಂತಲೇ ಇದೆ. ಸರಿ, ಏನೋ ಎಡವಟ್ಟಾಗಿದೆ ಅಂತ ಐದೂ ಜನಕ್ಕೂ ಬರೆದೆ. ನಾಲ್ಕು ಜನ ಒಂದೇ ಸಾಲು ಉತ್ತರ ಕೊಟ್ಟರು, ನೀವು ಕೇಳಿದ್ದೇ ಎರಡು ಅಂತ. ಐದನೆಯವಳು ಒಬ್ಬಳು ಒಳ್ಳೆಯ ಹೆಂಗಸು ಇರಬೇಕು, ವಿವರವಾಗಿ ಬರೆದಿದ್ದಳು. "ನಿಮ್ಮ ಅಕ್ಕನಿಗೆ ಮೊಣಕಾಲು ನೋವು ಅಂತ ಬರೆದಿದ್ದಿರಿ, ಅದಕ್ಕೇ ಅವರಿಗೆ ಕೆಳಗಿನ ಹಾಸಿಗೆ ಇಟ್ಟಿದ್ದೇನೆ, ಅದನ್ನು ಬಿಟ್ಟುಕೊಡಬೇಕೇ?" ಅಂತ. ಅಕ್ಕಾ, ಅದನ್ನು ಓದುವಾಗ ನನ್ನ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ಯಾರದೋ ಬಿಳಿ ಶರ್ಟು ಸುಟ್ಟುಹೋಯಿತು, ನನಗೆ ವಾಸನೆಯೂ ಗೊತ್ತಾಗಲಿಲ್ಲ. ನಿನ್ನ ಮೊಣಕಾಲಿನ ವಿಷಯ ಈ ಪ್ರಪಂಚದಲ್ಲಿ ಯಾರಿಗೆ ಗೊತ್ತು? ನಾನು ಸೈಕಲ್ಲಿನಿಂದ ನಿನ್ನನ್ನು ಬೀಳಿಸಿದ್ದು ಅಪ್ಪ ಅಮ್ಮನಿಗೇ ಇವತ್ತಿನವರೆಗೂ ಗೊತ್ತಿಲ್ಲ.

ಬಸ್ಸಿನವರದ್ದೊಂದು ಬಾಕಿ ಇತ್ತು. ತೊಂಬತ್ತೇಳನೇ ರಾತ್ರಿಯ ಆ ದೂರದ ಬಸ್ಸು. ಅವರ ಉತ್ತರ ಬಂದ ಗುರುವಾರ ಸೊನ್ನೆ ತಾತ ಅದನ್ನು ಜೋರಾಗಿ ಓದಿದರು. ಒಂದು ಸೀಟು ಹೊರಡುವ ಊರಿನಿಂದ. ಇನ್ನೊಂದು ಸೀಟು ಮಧ್ಯದಲ್ಲಿ, ಬಂದರಿನ ಊರಿನ ಹೊರಗಿನ ಸ್ಟಾಪಿನಲ್ಲಿ ಹತ್ತುವವರಿಗೆ. ತಾತ ಹಾಳೆಗಳನ್ನು ಜೋಡಿಸಿ ಕ್ಲಿಪ್ಪು ಹಾಕಿ ನನ್ನ ಕೈಗೆ ಕೊಟ್ಟು, "ಇದನ್ನ ನಾನು ನೋಡ್ಲಿಲ್ಲ ಅನ್ಕೋ ಮಗಾ. ನೀನು ಈ ಪ್ರವಾಸ ಬಿಟ್ಬಿಡು" ಅಂದರು. ಮುಂದಿನ ಗುರುವಾರ ಅವರು ಬರಲಿಲ್ಲ. ಮೈ ಸರಿ ಇಲ್ಲ ಅಂತ ಹೇಳಿ ಕಳಿಸಿದ್ದರು.

ನನಗೆ ಭಯ ಆಗಲಿಲ್ಲವಾ ಅಂತ ಕೇಳುತ್ತೀಯ. ಆಯಿತು, ಯಾಕಾಗಲ್ಲ? ಎರಡು ದಿನ ಮೇಲ್ ತೆಗೆದೇ ನೋಡಲಿಲ್ಲ. ಮೂರನೇ ದಿನ ಭಯದ ಜಾಗದಲ್ಲಿ ಬೇರೆ ಏನೋ ಬಂತು. ಹೇಳಿದರೆ ನಗಬೇಡ, ಸಂತೋಷ ಬಂತು. ನೀನು ಮುಂದಿನ ಊರಿಗೆ ಬಸ್ಸು ಹಿಡಿಯುವುದಕ್ಕೆ ಏಳು ವರ್ಷದಿಂದ ಆ ಸ್ಟಾಪಿನಲ್ಲಿ ಕಾಯುತ್ತಾ ನಿಂತಿದ್ದೀಯಾ, ನಾನು ಬಂದರೆ ಹತ್ತುತ್ತೀಯಾ ಅಂತ ಅನ್ನಿಸಿತು. ಹುಚ್ಚುಚ್ಚಾಗಿ ಏನೇನೋ ಯೋಚಿಸಿದೆ. ಕಿಟಕಿ ಸೀಟು ಅವಳಿಗೇ ಬಿಡಬೇಕು, ಇಲ್ಲದಿದ್ದರೆ ಮುಖ ಊದಿಸಿಕೊಂಡು ಕೂರುತ್ತಾಳೆ ಅಂತೆಲ್ಲ.

ಅದಾಗಿ ನಾಲ್ಕನೇ ದಿನ ಕಾರ್ಡು ಬಂತು. ಮನೆಗಲ್ಲ, ಲಾಂಡ್ರಿ ಅಂಗಡಿಯ ವಿಳಾಸಕ್ಕೆ. ಬಂದರಿನ ಊರಿನ ಒಂದು ಲಾಡ್ಜಿನದು, ಇಪ್ಪತ್ತಮೂರನೇ ನಂಬರಿನ ಮನೆ. ನಾನು ಆ ಊರಿನಲ್ಲಿ ಯಾರಿಗೂ ಬರೆದಿಲ್ಲ ಅಕ್ಕಾ, ನಿನ್ನಾಣೆಗೂ ಬರೆದಿಲ್ಲ. ಟೈಪು ಮಾಡಿದ ನಾಲ್ಕು ಸಾಲು. ತೊಂಬತ್ತೇಳನೇ ದಿನಕ್ಕೆ ನಿಮ್ಮ ಹಾಸಿಗೆ ಸಿದ್ಧವಾಗಿರುತ್ತದೆ. ಒಂದರ ಬಾಡಿಗೆ ಮಾತ್ರ ತನ್ನಿ. ಇನ್ನೊಂದರಲ್ಲಿ ಈಗಾಗಲೇ ಇದ್ದಾರೆ, ಅದಕ್ಕೆ ಬಾಡಿಗೆ ಇಲ್ಲ. ಫೋನು ನಂಬರು ಇಲ್ಲ, ಮೇಲ್ ಇಲ್ಲ, ಬರೀ ಬೀದಿಯ ಹೆಸರು ಮತ್ತು ಮನೆ ನಂಬರು. ಅಂಗಡಿಯ ಹೆಸರಿನ ಮೇಲೆ, ನನ್ನ ಹೆಸರು ಇರಬೇಕಾದ ಜಾಗದಲ್ಲಿ ಕೈಬರಹದಲ್ಲಿ "ಬಾಲ" ಅಂತ ಇತ್ತು. ಹೋದಲ್ಲಿ ಬಂದಲ್ಲಿ ನಿನ್ನ ಹಿಂದೆಯೇ ಅಂಟಿಕೊಂಡು ಬರುತ್ತೇನೆ ಅಂತ ನೀನು ಇಟ್ಟ ಹೆಸರು. ನಿನ್ನ ಬಿಟ್ಟು ಬೇರೆ ಯಾರೂ ನನ್ನನ್ನು ಹಾಗೆ ಕರೆದವರಲ್ಲ. ಅಕ್ಷರ ನಿನ್ನದೇ ಅಂತ ಗಟ್ಟಿಯಾಗಿ ಹೇಳಲಾರೆ. ನಿನ್ನದಲ್ಲ ಅಂತಲೂ ಹೇಳಲಾರೆ. ಈ ಕಾಗದವನ್ನು ಆ ವಿಳಾಸಕ್ಕೇ ಹಾಕುತ್ತಿದ್ದೇನೆ. ಕಾರ್ಡನ್ನು ಅಂಗಡಿಯ ನನ್ನ ಲಾಕರಿನಲ್ಲಿಟ್ಟು ಬೀಗ ಹಾಕಿದ್ದೇನೆ, ಮನೆಗೆ ತಂದೇ ಇಲ್ಲ.

ಅಪ್ಪನ ಬಾಯಿ ಬಿಡಿಸೋಣ ಅಂತ ಒಂದು ದಿನ ಅವರ ಅಂಗಡಿಗೆ ಹೋಗಿ ಕೂತೆ. ನನ್ನ ಚೀಲಕ್ಕೊಂದು ಬೀಗ ಆರಿಸುವ ನೆಪ. ಆ ಬೀದಿ ಹೇಗಿತ್ತಪ್ಪಾ ಅಂತ ಕಾರ್ಡಿನಲ್ಲಿದ್ದ ಹೆಸರು ಹಿಡಿದೇ ಕೇಳಿದೆ, ಅದು ನನಗೆ ಹೇಗೆ ಗೊತ್ತು ಅಂತ ಅವರು ಕೇಳಲೇ ಇಲ್ಲ. ಏಳು ವರ್ಷದಲ್ಲಿ ಮೊದಲ ಸಲ ಆ ಊರಿನ ಬಗ್ಗೆ ಮಾತಾಡಿದರು. "ಆ ಬೀದೀಲಿ ಪ್ರತಿಯೊಂದು ಬಾಗಿಲೂ ತಟ್ಟಿದೀನಿ ಮಗಳೇ. ಇಪ್ಪತ್ತೊಂದು, ಇಪ್ಪತ್ತೆರಡು. ಆಮೇಲೆ ಸೀದಾ ಇಪ್ಪತ್ನಾಲ್ಕು. ಮಧ್ಯೆ ಬರೀ ಗೋಡೆ" ಅಂದರು. ಕೈಯಲ್ಲಿದ್ದ ಬೀಗದ ಕೈಯನ್ನು ಅರದಿಂದ ಉಜ್ಜುತ್ತಲೇ ಇದ್ದರು. ಉಜ್ಜುತ್ತಲೇ, "ಗೋಡೇನೂ ತಟ್ಟಿದೆ" ಅಂದರು. ಆಮೇಲೆ ಏನಾಯಿತು ಅಂತ ಕೇಳಿದೆ. ಅವರು ಒಳ್ಳೆಯ ಬೀಗವೊಂದನ್ನು ಆರಿಸಿ ಎರಡು ಕೈ ಮಾಡಿಕೊಟ್ಟರು, ಒಂದು ನನಗೆ. ಇನ್ನೊಂದು ಯಾರಿಗೆ ಅಂತ ನಾನೂ ಕೇಳಲಿಲ್ಲ.

ಈಗ ಅಮ್ಮನ ವಿಷಯ, ಇದು ನಿನಗೆ ಇಷ್ಟವಾಗುತ್ತದೆ. ಅಮ್ಮ ಇನ್ನೂ ಅದೇ ದಾಖಲೆ ಆಫೀಸಿನಲ್ಲಿದ್ದಾಳೆ, ಜನನ, ಮರಣ, ಮದುವೆ ಎಲ್ಲದರ ಸರ್ಟಿಫಿಕೇಟುಗಳನ್ನು ಸಹಿಗೆ ಹೋಗುವ ಮುಂಚೆ ತಿದ್ದುವ ಕೆಲಸ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ತಪ್ಪು ಹೆಸರು ಅವಳ ಮೇಜು ದಾಟಿ ಹೋಗಿಲ್ಲ. ಮನೆಗೆ ಬರುವ ಮದುವೆ ಕಾಗದವನ್ನೂ ಪೆನ್ನು ಹಿಡಿದೇ ಓದುತ್ತಾಳೆ, ಮರ್ಯಾದೆ ಕಳೀತಾಳೆ. ಏಳು ವರ್ಷ ತುಂಬಿದ ಮೇಲೆ ನಿನ್ನ ಹೆಸರಿಗೆ ಅರ್ಜಿ ಹಾಕಬಹುದು ಅಂತ ಅವಳ ಆಫೀಸಿನವರೇ ಫಾರಂ ತಂದುಕೊಟ್ಟರು. ಕಾಣೆಯಾದವರು ತೀರಿಕೊಂಡರು ಅಂತ ಬರೆಯುವ ಫಾರಂ. ಅಮ್ಮ ಅದರಲ್ಲೂ ಎರಡು ಅಚ್ಚಿನ ತಪ್ಪು ಹುಡುಕಿ, ಸರಿ ಮಾಡಿ ತನ್ನಿ ಅಂತ ವಾಪಸ್ ಕಳಿಸಿದಳು. ಸಂಬಳ ಬಂದ ದಿನ ಈಗಲೂ ನಾಲ್ಕು ಪಾಲು ಮಾಡುತ್ತಾಳೆ ಅಕ್ಕಾ. ಅಪ್ಪನದು, ತನ್ನದು, ನನ್ನದು, ನಿನ್ನದು. ನಿನ್ನ ಪಾಲಿನ ಕವರುಗಳು ಬೀರುವಿನಲ್ಲಿ ಹಾಗೇ ಸಾಲಾಗಿ ನಿಂತಿವೆ. ಕಾಲೇಜಿನ ಫೀಸಿಗೆ ದುಡ್ಡು ಸಾಲದೆ ನಾನು ಸಾಲ ಮಾಡಿ ಓದಿದಾಗಲೂ ಅವನ್ನು ಮುಟ್ಟಿಸಲಿಲ್ಲ. ಅದಕ್ಕೆ ನನಗೆ ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳಲಿ? ಕಣ್ಣೆದುರು ಇರುವವಳಿಗಿಂತ ಇಲ್ಲದವಳೇ ಹೆಚ್ಚಾ ಅಂತ ಒಂದು ಸಲ ಕಿರುಚಿಯೂ ಬಿಟ್ಟಿದ್ದೆ. ಅಮ್ಮ ಬೀರುವಿನ ಬಾಗಿಲು ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂಥ ಅಮ್ಮ, ಹೋದ ಭಾನುವಾರ ಬಟ್ಟೆ ಮಡಿಸುತ್ತಿದ್ದವಳು ಇದ್ದಕ್ಕಿದ್ದ ಹಾಗೆ, "ಸುತ್ತುಬಳಸಿ ಹೋಗೋ ಬಸ್ಸು ಯಾಕೆ ಸುಮ್ನೆ? ಆ ಊರಲ್ಲೇ ಇಳ್ಕೋ" ಅಂದಳು. ನಾನು ಕೇಳಿಸಿಕೊಂಡದ್ದು ಸರಿಯಾ ಅಂತ ಬಾಯಿ ಬಿಟ್ಟುಕೊಂಡು ನೋಡಿದೆ. ಅಮ್ಮ ಬೀರು ತೆಗೆದು ನಿನ್ನ ಕವರುಗಳಿಂದ ದುಡ್ಡು ಎಣಿಸಿ ನನ್ನ ಕೈಗಿಟ್ಟಳು. ಕೋಣೆಗೆ ಬಂದು ಎಣಿಸಿದೆ. ಏಳುನೂರ ಎರಡು. ಕೊರತೆ ಎಷ್ಟು ಅಂತ ನಾನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಕೊರತೆ ಇದೆ ಅಂತಲೇ ಹೇಳಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಇದ್ಯಾವುದೂ ವಿಚಿತ್ರ ಅನ್ನಿಸಲಿಲ್ಲ, ಅಮ್ಮ ನನಗೋಸ್ಕರ ನಿನ್ನ ಕವರು ಒಡೆದಳಲ್ಲ ಅನ್ನುವ ಒಂದೇ ಸಂಭ್ರಮ. ಹೋಗಿ ತಬ್ಬಿಕೊಂಡೆ. ಅವಳು ನನ್ನ ತಲೆ ಸವರಿ, ಕೂದಲನ್ನು ಎಡಕ್ಕೆ ಬಾಚಿದಳು.

ಎಡಕ್ಕೆ ಅಂದಾಗ ನೆನಪಾಯಿತು. ವೀಸಾಕ್ಕೆ ಅಂತ ಮೂಲೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆ, ಎಂಟು ಕಾಪಿ. ನಾಲ್ಕರಲ್ಲಿ ನಾನು ನನ್ನ ಹಾಗೇ ಇದ್ದೇನೆ, ಹಂದಿಮರಿ ಮೂಗು, ಬಲಕ್ಕೆ ಬೈತಲೆ. ಇನ್ನು ನಾಲ್ಕರಲ್ಲಿ ಬೈತಲೆ ಎಡಕ್ಕಿದೆ, ಗಲ್ಲ ಸ್ವಲ್ಪ ಮೇಲಕ್ಕೆತ್ತಿದ್ದೇನೆ, ನೀನು ಫೋಟೋಕ್ಕೆ ನಿಲ್ಲುತ್ತಿದ್ದೆಯಲ್ಲ, ಥೇಟು ಹಾಗೆ. ಉಲ್ಟಾ ಪ್ರಿಂಟ್ ಹಾಕಿದ್ದೀರಾ ಅಂತ ಸ್ಟುಡಿಯೋದವನ ಹತ್ತಿರ ಜಗಳಕ್ಕೇ ಹೋದೆ. ಒಂದೇ ಸಲ ಕ್ಲಿಕ್ ಮಾಡಿದ್ದು ಮೇಡಂ, ಎಂಟೂ ಒಂದೇ ಅಂದ. ಅವನ ಕಣ್ಣಿಗೆ ಎಂಟೂ ಒಂದೇ ಥರ ಕಾಣುತ್ತಿತ್ತು. ಅಮ್ಮನಿಗೆ ತೋರಿಸಿದೆ. ಅವಳು ಎಡಗಡೆ ಬೈತಲೆಯ ನಾಲ್ಕನ್ನು ಬೇರೆ ತೆಗೆದು, "ಇವು ಚೆನ್ನಾಗಿವೆ" ಅಂತ ಫಾರಮ್ಮಿಗೆ ತಾನೇ ಅಂಟಿಸಿದಳು. ವೀಸಾದವರು ಒಂದು ಮಾತೂ ಎತ್ತದೆ ಕೊಟ್ಟುಬಿಟ್ಟರು.

ಇಷ್ಟೆಲ್ಲ ಬರೆದ ಮೇಲೆ ನನ್ನ ಜಗಳ ಇಲ್ಲಿದೆ, ಕೇಳು. ನೀನು ಅಲ್ಲಿ ಇದ್ದೀಯಾ? ಇದ್ದರೆ ಏಳು ವರ್ಷ ಏನು ಮಾಡುತ್ತಿದ್ದೆ? ಒಂದು ಕಾರ್ಡು ಹಾಕುವುದಕ್ಕೆ ಕೈಗೆ ಏನಾಗಿತ್ತು? ಅಪ್ಪ ಗೋಡೆ ತಟ್ಟಿದಾಗ ನೀನು ಒಳಗಿದ್ದೆಯಾ? ಇದ್ದೂ ಸುಮ್ಮನಿದ್ದೆಯಾ? ಅದನ್ನು ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ. ಉತ್ತರ ಕೊಡಲಾಗದ ಜಾಗದಲ್ಲಿದ್ದರೆ ಅದನ್ನಾದರೂ ಹೇಗಾದರೂ ತಿಳಿಸು. ನಾನು ಬಂದು ಕರೆದುಕೊಂಡು ಬರುತ್ತೇನೆ. ತೊಂಬತ್ತೇಳನೇ ದಿನ ಅಲ್ಲಿಗೆ ಬರುತ್ತೇನೆ, ಎರಡು ಹಾಸಿಗೆಗಳ ದುಡ್ಡು ಈಗ ನನ್ನ ಹತ್ತಿರ ಇದೆ, ಉಳಿದ ಐದೂ ಊರು ಇಬ್ಬರೂ ಸೇರಿ ನೋಡೋಣ, ಆಮೇಲೆ ಒಟ್ಟಿಗೇ ಮನೆಗೆ ಬರೋಣ. ಮೂವತ್ತೈದರಲ್ಲಿ ದಿನ ಕಳೆಯುವುದನ್ನು ನಿನಗೂ ಕಲಿಸುತ್ತೇನೆ. "ಖುಷಿಗೆ" ಅಂತ ಒಂದು ಖಾತೆ ಬೇಕೇ ಬೇಕು ಅಂತ ಹಟ ಮಾಡಿದರೆ ಕೆಟ್ಟ ದಿನದ ಆ ಐದರಲ್ಲಿ ಎರಡು ಬಿಟ್ಟುಕೊಡುತ್ತೇನೆ. ನಿನ್ನನ್ನು ನೋಡಬೇಕು ಅಂತ ಎಷ್ಟು ಆಸೆಯಾಗಿದೆ ಗೊತ್ತಾ ನನಗೆ. ನಿನ್ನ ದನಿ ಹೇಗಿತ್ತು ಅನ್ನುವುದು ಮರೆತುಹೋಗುತ್ತಿದೆ ಅಕ್ಕಾ, ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಅಳು ಬರುವುದು.

ಈ ಕಾಗದ ನನಗಿಂತ ಎಷ್ಟೋ ಮುಂಚೆ ನಿನಗೆ ಸೇರುತ್ತದೆ. ಅಪ್ಪ ಅಮ್ಮ ಇಬ್ಬರ ಆಶೀರ್ವಾದವೂ ನಿನಗಿದೆ, ಅವರು ಹೇಳಿ ಬರೆಸಿದ್ದಲ್ಲ, ಆದರೂ ಇದೆ ಅಂತ ನಾನು ಬಲ್ಲೆ. ಸ್ವೆಟರು ಹಾಕಿಕೋ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ಹಿಂದೆಯೇ ಬರುತ್ತಿರುವ,
ಬಾಲ

ಮ.ಮ.ಬ.: ಮತ್ತೆ ಮರೆತಿದ್ದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಕವರಿಗೆ ಅಂಟು ಹಚ್ಚಿದ್ದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಐದೂವರೆಗೆ ಅಂಚೆಯವನು ಡಬ್ಬಿ ತೆಗೆಯುತ್ತಾನೆ. ಈಗಷ್ಟೇ ಏಜೆಂಟಿನ ಹತ್ತಿರ ಹೋಗಿ ಟಿಕೆಟ್ಟು ತಂದೆ. ಹೋಗುವುದು ಒಂದು ಸೀಟು, ನನ್ನ ಹೆಸರಿನಲ್ಲಿದೆ. ಬರುವುದೂ ಒಂದೇ ಸೀಟು. ಅದು ನಿನ್ನ ಹೆಸರಿನಲ್ಲಿದೆ. ನಾನು ಬಿಡದೆ ಕೇಳಿದೆ, ಹೀಗೆ ಹೇಗೆ ಬರುತ್ತದೆ ಅಂತ. ಏಜೆಂಟು, "ಹೋಗೋರು ಒಬ್ರು, ಬರೋರು ಒಬ್ರು ಅಂತ ನೀವೇ ತಾನೇ ಬರೆದುಕೊಟ್ಟಿದ್ದು" ಅಂತ ಫಾರಂ ತೋರಿಸಿದ. ಅಕ್ಷರ ನನ್ನದೇ. ಇನ್ನೊಂದು ಸೀಟು ಸೇರಿಸಿ, ದುಡ್ಡು ಕೊಡುತ್ತೇನೆ ಅಂದೆ. ಆ ವಿಮಾನದಲ್ಲಿ ಜಾಗ ಇಲ್ಲವಂತೆ, ಯಾವ ತಾರೀಖು ಹಾಕಿದರೂ ಇಲ್ಲವಂತೆ. ಮನೆಗೆ ಓಡಿಬಂದು ಟಿಕೆಟ್ಟನ್ನು ಅಮ್ಮನ ಮುಂದಿಟ್ಟೆ, ಹೆಸರು ನೋಡಮ್ಮಾ ಅಂದೆ. ಕನ್ನಡಕ ಹಾಕಿಕೊಂಡು, ಪೆನ್ನು ಕೈಯಲ್ಲಿ ಹಿಡಿದು, ಅಕ್ಷರ ಅಕ್ಷರದ ಕೆಳಗೂ ಬೆರಳಿಟ್ಟು ಎರಡು ಸಲ ಓದಿದಳು. ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. "ಸರಿಯಾಗೇ ಇದೆಯಲ್ಲ" ಅಂದಳು. ನನ್ನ ಮುಖ ಮಾತ್ರ ನೋಡಲಿಲ್ಲ. ಅಕ್ಕಾ, ಅಲ್ಲಿಗೆ ಬರುವುದು ನಾನು ತಪ್ಪಿಸ್ಕೊಳ್ಳಲ್ಲ, ಖಂಡಿತ ಬರ್ತೀನಿ. ಆದರೆ ನನಗೂ ಮನೆಗೆ ವಾಪಸ್ ಬರಬೇಕು ಕಣೇ.